ಆಯ್ದಕ್ಕಿ ಲಕ್ಕಮ್ಮನವರ ಎರಡನೆಯ ಮಾತು

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಶರಣ ದಂಪತಿಗಳ ಹೆಸರನ್ನು ಕೇಳದ ಸದ್ಭಕ್ತರು ಈ ಭಾಗದಲ್ಲಿ ವಿರಳ. ಕುಷ್ಟಗಿ ತಾಲೂಕಿಗೆ ಹೊಂದಿಕೊಂಡಿರುವ ಲಿಂಗಸುಗೂರು ತಾಲೂಕಿನ ಅಮರೇಶ್ವರವೇ ಈ ದಂಪತಿಗಳ ಮೂಲಸ್ಥಳವೆಂದು ಚರಿತ್ರಕಾರರು ಗುರುತಿಸುತ್ತಾರೆ. ಕಲ್ಯಾಣಕ್ಕೆ ಹೋಗಿ ನೆಲೆಸಿದ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುತ್ತಿದ್ದರು. ಲಕ್ಕಮ್ಮನವರು ಅದನ್ನು ಅಡಿಗೆ ಮಾಡಿ ದಾಸೋಹ ನಡೆಸುತ್ತಿದ್ದರು. ಇವರ ಬದುಕಿನ ಎರಡು ಪ್ರಸಂಗಗಳು ಭಕ್ತರ ನಾಲಗೆಯ ಮೇಲಿವೆ. ಒಂದು ದಿನ ಮಾರಯ್ಯನವರು ಅಲ್ಲಮಪ್ರಭುಗಳೊಡನೆ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಾಗ ಲಕ್ಕಮ್ಮನವರು ಬಂದು, ಕಾಯಕ ನಿಂತಿತೆಂದು ಎಚ್ಚರಿಸಿದರು. ಇನ್ನೊಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಅದೇ ಲಕ್ಕಮ್ಮನವರು, ಇಷ್ಟು ಬೇಡವೆಂದು, ಹೆಚ್ಚಿನದನ್ನು ತಂದ ಸ್ಥಳದಲ್ಲಿಯೇ ಸುರಿದು ಬರುವಂತೆ ಹೇಳಿ ಕಳುಹಿಸಿದರು.

ಈ ಎರಡು ಮಾತುಗಳಲ್ಲಿ ಮೊದಲನೆಯದನ್ನು ಇಂದಿನ ಸಮಾಜ ಬಹಳ ಚೆನ್ನಾಗಿ ನೆನಪಿನಲ್ಲಿಟ್ಟುಕೊಂಡಿದೆ. ಕಾಯಕವನ್ನು ಕೈಲಾಸಕ್ಕೆ ಸಮನಾಗಿ ಕಂಡ ಶರಣರ ನುಡಿಯನ್ನು ಕಚೇರಿಯ ಗೋಡೆಯ ಮೇಲೆ, ಶಾಲೆಯ ಹೆಬ್ಬಾಗಿಲಿನ ಮೇಲೆ, ಬ್ಯಾಂಕಿನ ಮೇಜಿನ ಹಿಂದೆ ಬರೆಸಲಾಗಿದೆ. ಎರಡನೆಯ ಮಾತನ್ನು ಮಾತ್ರ ಯಾರೂ ಎಲ್ಲಿಯೂ ಬರೆಸಿಲ್ಲ. ದುರಾಸೆಯನ್ನು ಖಂಡಿಸುವ ಕಥೆಯೆಂದಷ್ಟೇ ಅದನ್ನು ಹೇಳಿ ಮುಗಿಸುವುದು ರೂಢಿ. ಆದರೆ ಅದು ಹಣದ ಅತಿಯನ್ನು ಮಾತ್ರವಲ್ಲ, ದುಡಿಮೆಯ ಅತಿಯನ್ನೂ ಕುರಿತ ಮಾತಾಗಿದೆ. ಹೆಚ್ಚು ಅಕ್ಕಿ ಬಂದಿತೆಂದರೆ ಹೆಚ್ಚು ಹೊತ್ತು ಬಾಗಿದ ಬೆನ್ನು ಅದರ ಹಿಂದೆ ಇತ್ತೆಂದೇ ಅರ್ಥ.

ಇಂದು ಈ ಎರಡನೆಯ ಮಾತಿನ ಅಗತ್ಯ ಹಿಂದೆಂದಿಗಿಂತ ಹೆಚ್ಚಾಗಿದೆ. ಕೊಪ್ಪಳ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಹುಟ್ಟಿತು. ಸಂವಿಧಾನದ 371ಜೆ ವಿಧಿ 2013ರಲ್ಲಿ ಜಾರಿಗೆ ಬಂದು, ಈ ಭಾಗದ ಮಕ್ಕಳಿಗೆ ಶಿಕ್ಷಣ ಮತ್ತು ಉದ್ಯೋಗಗಳಲ್ಲಿ ಮೀಸಲು ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವೆಂಬ ಹೆಸರನ್ನು ಪಡೆಯಿತು. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ರೈಲು ಬಂದಿತು. ಮಗ್ಗದ ಮುಂದೆ ಕುಳಿತ ತಂದೆಯ, ಒಣಬೇಸಾಯ ಮಾಡಿದ ತಾಯಿಯ ಮಕ್ಕಳು ಇಂದು ಶಿಕ್ಷಕರು, ದಾದಿಯರು, ಬ್ಯಾಂಕ್ ಅಧಿಕಾರಿಗಳು, ಇಂಜಿನಿಯರುಗಳು. ಹನುಮಸಾಗರದ ಅನೇಕ ಮನೆಗಳಲ್ಲಿ ತಿಂಗಳ ಸಂಬಳವನ್ನು ಕಂಡ ಮೊದಲ ತಲೆಮಾರು ಇದೇ. ಇದು ಸಂತೋಷದ ಸಂಗತಿ. ಆದರೆ ಮೊದಲ ತಲೆಮಾರಿನ ಹೆಗಲ ಮೇಲೆ ಮನೆಯ ಎಲ್ಲರ ಕನಸುಗಳೂ ಒಟ್ಟಿಗೆ ಏರಿ ಕುಳಿತಿರುತ್ತವೆ ಎಂಬುದನ್ನು ಮರೆಯಬಾರದು.

ಅಂತಹ ಒಬ್ಬ ಯುವಕನನ್ನು ಊಹಿಸಿಕೊಳ್ಳಬಹುದು. ಬೆಂಗಳೂರಿನಲ್ಲಿ ಕೆಲಸ. ಮೊದಲ ವರ್ಷ ಒಂಟಿಯಾಗಿದ್ದ. ರಾತ್ರಿ ಹನ್ನೊಂದರವರೆಗೆ ದುಡಿದರೂ ತೊಂದರೆಯಾಗಲಿಲ್ಲ. ಮರುವರ್ಷ ಮದುವೆಯಾಯಿತು. ಬಳಿಕ ಮನೆಗೆ ಸಾಲ, ಮಗುವಿನ ಜನನ, ಬಡ್ತಿ, ಊರಿನಲ್ಲಿ ತಂದೆಯವರ ಅನಾರೋಗ್ಯ. ಒಂದೊಂದೂ ಬದುಕಿನ ಸಹಜ ತಿರುವು, ಕೆಲವು ಶುಭವಾದವು. ಆದರೆ ಕೆಲಸದ ಅಳತೆ ಮಾತ್ರ ಒಂಟಿಯಾಗಿದ್ದ ದಿನದಲ್ಲಿ ಇದ್ದಷ್ಟೇ ಉಳಿಯಿತು. ಬಡ್ತಿಯ ಬಳಿಕ ಇನ್ನೂ ಹೆಚ್ಚಿತು. ಊರಿನಿಂದ ತಾಯಿ ಫೋನ್ ಮಾಡಿ "ಉಂಡ್ಯೇನಪಾ?" ಎಂದು ಕೇಳಿದಾಗ "ಉಂಡೇನವ್ವಾ" ಎಂಬ ಉತ್ತರ ಹೋಗುತ್ತದೆ. ಉಂಡಿರುವುದಿಲ್ಲ. ನಿದ್ರೆ ಹತ್ತುವುದಿಲ್ಲ. ಮಗು ಅತ್ತರೆ ಸಿಟ್ಟು ಬರುತ್ತದೆ. ಒಂದು ಕಾಲದಲ್ಲಿ ಪ್ರೀತಿಯಿಂದ ಮಾಡಿದ ಕೆಲಸದ ಮೇಲೆಯೇ ಜಿಗುಪ್ಸೆ ಹುಟ್ಟುತ್ತದೆ.

ಕನ್ನಡದಲ್ಲಿ ಇದಕ್ಕೆ ಬಸವಳಿಕೆ ಎಂಬ ಒಳ್ಳೆಯ ಪದವಿದೆ. ಪಾಶ್ಚಾತ್ಯ ಮನಃಶಾಸ್ತ್ರಜ್ಞರು ಇದನ್ನು ಬರ್ನ್‌ಔಟ್ ಎನ್ನುತ್ತಾರೆ. ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಅವರು 1974ರಲ್ಲಿ ಈ ಪದವನ್ನು ಶಾಸ್ತ್ರದ ಚರ್ಚೆಗೆ ತಂದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆಂದು ಕರೆಯದೆ, ಸರಿಯಾಗಿ ನಿಭಾಯಿಸದ ಕೆಲಸದ ಒತ್ತಡದಿಂದ ಹುಟ್ಟುವ ವೃತ್ತಿಸಂಬಂಧಿ ಸ್ಥಿತಿಯೆಂದು ವಿವರಿಸಿತು. ಶಕ್ತಿಯೆಲ್ಲ ಬತ್ತಿಹೋದ ಭಾವ, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಸಾಧ್ಯವಾಗುತ್ತಿಲ್ಲವೆಂಬ ಅನಿಸಿಕೆ, ಇವು ಮೂರು ಅದರ ಲಕ್ಷಣಗಳು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಇದು ಸೋಮಾರಿಗಳಿಗೆ ಬರುವ ಸ್ಥಿತಿಯಲ್ಲ. ಉರಿದ ದೀಪಕ್ಕೇ ಎಣ್ಣೆ ತೀರುವುದು.

ಇಂತಹ ಕಾಲದಲ್ಲಿ ದುಡಿಮೆಯ ಗಂಟೆಗಳನ್ನು ಇನ್ನೂ ಹೆಚ್ಚಿಸಬೇಕೆಂಬ ಮಾತುಗಳು ಹಿರಿಯರಿಂದಲೇ ಬಂದಿವೆ. ಇನ್ಫೋಸಿಸ್ ಸಂಸ್ಥಾಪಕರಲ್ಲಿ ಒಬ್ಬರಾದ ಎನ್.ಆರ್. ನಾರಾಯಣ ಮೂರ್ತಿಯವರು 2023ರ ಅಕ್ಟೋಬರ್‌ನಲ್ಲಿ ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2024ರ ಜುಲೈಯಲ್ಲಿ ಕರ್ನಾಟಕದ ಮಾಹಿತಿ ತಂತ್ರಜ್ಞಾನ ವಲಯದಲ್ಲಿ ದಿನಕ್ಕೆ 14 ಗಂಟೆಗಳವರೆಗೆ ದುಡಿಸಲು ಅವಕಾಶ ಕೊಡುವ ಪ್ರಸ್ತಾಪದ ಸುದ್ದಿ ಬಂದು, ನೌಕರರ ಸಂಘ ಅದನ್ನು ಬಲವಾಗಿ ವಿರೋಧಿಸಿತು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷರ 90 ಗಂಟೆಗಳ ಮಾತು ದೇಶವ್ಯಾಪಿ ಚರ್ಚೆಯಾಯಿತು. ವಾರಕ್ಕೆ 70 ಗಂಟೆಯೆಂದರೆ ಆರು ದಿನ, ದಿನವೊಂದಕ್ಕೆ ಸುಮಾರು 12 ಗಂಟೆ. ಬೆಂಗಳೂರಿನ ರಸ್ತೆಯಲ್ಲಿ ಕಳೆಯುವ ಹೊತ್ತು ಬೇರೆ. ಸ್ವತಂತ್ರ ಭಾರತದ ಕಾರ್ಖಾನೆ ಕಾಯ್ದೆ 1948ರಲ್ಲಿಯೇ ವಾರಕ್ಕೆ 48 ಗಂಟೆಯೆಂದು ಗೆರೆ ಎಳೆದಿತ್ತು. ಆ ಗೆರೆ ಹುಸಿಯಾದುದಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಳು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು.

ಇಂತಹ ಮಾತುಗಳಿಗೆ ಬೆಂಬಲವಾಗಿ ಶರಣರ ಕಾಯಕತತ್ವವನ್ನು ಎಳೆದು ತರುವವರು ಉಂಟು. ಇದು ತತ್ವಕ್ಕೆ ಮಾಡುವ ಅಪಚಾರ. ಶರಣರು ಕಾಯಕವೆಂದುದು ಮಿತಿಯಿಲ್ಲದ ದುಡಿಮೆಯನ್ನಲ್ಲ. ಕಾಯಕಕ್ಕೆ ಸತ್ಯಶುದ್ಧತೆಯ ಮಿತಿಯಿತ್ತು, ಆ ದಿನದ ಅಗತ್ಯದ ಮಿತಿಯಿತ್ತು, ದಾಸೋಹದ ಗುರಿಯಿತ್ತು. ಸಂಜೆ ಅನುಭಾವದ ಗೋಷ್ಠಿಯಿತ್ತು. ಹನ್ನೆರಡು ಗಂಟೆ ದುಡಿದು ಮನೆಗೆ ಬಂದು ಗೋಡೆಯ ಕಡೆ ಮುಖಮಾಡಿ ಮಲಗುವವನಿಗೆ ಅನುಭಾವವೆಲ್ಲಿ, ಮನೆಯೊಳಗಿನ ದಾಸೋಹವೆಲ್ಲಿ? ಮಕ್ಕಳೊಡನೆ ಕುಳಿತು ಒಂದು ತುತ್ತು ಉಣ್ಣುವುದಕ್ಕೂ ಅವಕಾಶ ಕೊಡದ ದುಡಿಮೆಗೆ ಕಾಯಕವೆಂಬ ಹೆಸರು ಸಲ್ಲದು.

ಈ ಭಾಗದ ಒಕ್ಕಲಿಗರು ಮಿತಿಯ ಅರಿವನ್ನು ಆಚರಣೆಯಲ್ಲಿಯೇ ಇಟ್ಟುಕೊಂಡವರು. ಸೋಮವಾರ ಎತ್ತಿನ ಹೆಗಲಿಗೆ ನೊಗ ಏರಿಸುವುದಿಲ್ಲ. ಬಿತ್ತನೆಯ ಹದ ತಪ್ಪುವ ಭಯವಿದ್ದರೂ ಆ ನೇಮವನ್ನು ಮುರಿಯದ ಹಿರಿಯರು ಇದ್ದರು. ಕಾರಹುಣ್ಣಿಮೆಗೆ ಎತ್ತಿನ ಮೈ ತೊಳೆದು ಸಿಂಗರಿಸುತ್ತಾರೆ. ಎತ್ತು ದಣಿಯುತ್ತದೆಂಬುದನ್ನು ಒಪ್ಪಿಕೊಂಡ ಮನೆ, ಪಟ್ಟಣದಲ್ಲಿರುವ ಮಗನೂ ದಣಿಯುತ್ತಾನೆಂಬುದನ್ನು ಒಪ್ಪಿಕೊಳ್ಳಲು ಏಕೆ ಹಿಂಜರಿಯುತ್ತದೆ? "ನೆರಳಾಗ ಕುಂತು ಮಾಡೋ ಕೆಲಸಕ್ಕ ಎಂಥಾ ದಣಿವು?" ಎಂಬ ಪ್ರಶ್ನೆಯನ್ನು ಬಿಸಿಲಿನಲ್ಲಿ ದುಡಿದ ತಂದೆ ಕೇಳುವುದು ಸಹಜವೇ. ಆದರೆ ಆ ಪ್ರಶ್ನೆಯೇ ಅನೇಕ ಮಕ್ಕಳ ಬಾಯಿಯನ್ನು ಮುಚ್ಚಿಸಿಬಿಡುತ್ತದೆ. ಎತ್ತಿಗೆ ಸೋಮವಾರವುಂಟು, ಮಗನಿಗೂ ಮಗಳಿಗೂ ಒಂದು ಸೋಮವಾರ ಬೇಡವೇ?

ಹೆಣ್ಣುಮಕ್ಕಳ ಮಾತು ಇನ್ನೂ ಕಠಿಣ. ಶಿಕ್ಷಕಿಯಾಗಿಯೋ ದಾದಿಯಾಗಿಯೋ ದುಡಿದು ಬಂದವಳಿಗೆ ಮನೆಯಲ್ಲಿ ರೊಟ್ಟಿಯ ಹಿಟ್ಟು ಕಾದಿರುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಿಗೆ ಏರಿತು. ಇದು ಒಳ್ಳೆಯದು, ಆದರೆ ಇಪ್ಪತ್ತೇಳನೆಯ ವಾರದಲ್ಲಿ ಅವಳ ಕೈಯೊಳಗಿನ ಕೆಲಸವನ್ನು ಯಾರು ಹಂಚಿಕೊಳ್ಳುತ್ತಾರೆಂಬುದನ್ನು ಕಾನೂನು ಹೇಳುವುದಿಲ್ಲ. ಅದನ್ನು ಹೇಳಬೇಕಾದವರು ಪತಿ ಮತ್ತು ಅತ್ತೆ ಮಾವಂದಿರು.

ಈ ವಿಷಯದಲ್ಲಿ ಬಸವಣ್ಣನವರ ಬದುಕನ್ನೇ ನೋಡಬಹುದು. ಬಾಗೇವಾಡಿಯಿಂದ ಕೂಡಲಸಂಗಮ, ಅಲ್ಲಿಂದ ಮಂಗಳವೇಡೆ, ಅಲ್ಲಿಂದ ಕಲ್ಯಾಣ, ಕೊನೆಗೆ ಮರಳಿ ಸಂಗಮ: ಎಷ್ಟು ಸ್ಥಳಾಂತರಗಳು, ಎಷ್ಟು ಸ್ಥಾನಾಂತರಗಳು! ಬಿಜ್ಜಳನ ಭಂಡಾರದ ಹೊಣೆ ಒಂದು ಕಡೆ, ಮಹಾಮನೆಯ ದಾಸೋಹ ಇನ್ನೊಂದು ಕಡೆ. ಆದರೆ ಅವರು ಎಲ್ಲವನ್ನೂ ಒಬ್ಬರೇ ಹೊರಲಿಲ್ಲ. ಶೂನ್ಯಪೀಠದಲ್ಲಿ ಅಲ್ಲಮಪ್ರಭುಗಳು ಕುಳಿತರು. ಚೆನ್ನಬಸವಣ್ಣನವರು ಹೆಗಲು ಕೊಟ್ಟರು. ಗಂಗಾಂಬಿಕೆ, ನೀಲಾಂಬಿಕೆಯರು ದಾಸೋಹವನ್ನು ನಡೆಸಿದರು. ಇನ್ನೂ ಒಂದು ಸಂಗತಿಯಿದೆ. ಅಷ್ಟು ದೊಡ್ಡ ಅಧಿಕಾರದಲ್ಲಿದ್ದವರು ತಮ್ಮ ಮನಸ್ಸಿನ ತಳಮಳವನ್ನು, ಅಳುಕನ್ನು, ಸೋಲನ್ನು ವಚನಗಳಲ್ಲಿ ಮುಚ್ಚುಮರೆಯಿಲ್ಲದೆ ತೋಡಿಕೊಂಡರು. ಮನಸ್ಸಿನ ನೋವನ್ನು ಹೇಳಿಕೊಳ್ಳುವುದು ಅವಮಾನವೆಂದು ಅವರು ಭಾವಿಸಲಿಲ್ಲ. ಅವರನ್ನು ಪೂಜಿಸುವವರು ಏಕೆ ಭಾವಿಸಬೇಕು?

ಹಾಗಾದರೆ ಮಾಡಬೇಕಾದುದೇನು? ಲಕ್ಕಮ್ಮನವರ ಮಾತಿನಲ್ಲಿಯೇ ದಾರಿಯಿದೆ. ಮೊದಲನೆಯದು ಅಳತೆ. ಅವರು ಅಕ್ಕಿಯನ್ನು ಆ ದಿನದ ಅಗತ್ಯದೊಡನೆ ತೂಗಿ ನೋಡಿದರು. ಮದುವೆ, ಮಗು, ವರ್ಗಾವಣೆ, ಹೆತ್ತವರ ಕಾಯಿಲೆ, ನಿವೃತ್ತಿ, ಹೀಗೆ ಬದುಕು ತಿರುವು ಪಡೆದಾಗಲೆಲ್ಲ ಕೆಲಸದ ಅಳತೆಯನ್ನು ಹೊಸದಾಗಿ ನಿಗದಿಪಡಿಸಬೇಕು. ಹೊಸ ಹೊಣೆಯೊಂದು ಬಂದರೆ ಹಳೆಯದೊಂದು ಇಳಿಯಬೇಕು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆದಂತಹ ದೊಡ್ಡ ಬದಲಾವಣೆಗಳು ಯಾವ ವೃತ್ತಿಯಲ್ಲಾದರೂ ಬರಬಹುದು. ಅಂತಹ ಕಾಲದಲ್ಲಿ ಹೊಸದನ್ನು ಕಲಿಯುವುದೂ ಒಂದು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯಬೇಕು.

ಎರಡನೆಯದು ಮರಳಿಸುವ ರೀತಿ. ಹೆಚ್ಚಿನ ಅಕ್ಕಿಯನ್ನು ಬೀದಿಗೆ ಎಸೆಯಲಿಲ್ಲ. ತಂದ ಸ್ಥಳಕ್ಕೇ ಮರಳಿಸಿದರು. ಕೆಲಸ ಹೆಚ್ಚಾದಾಗ ಇದ್ದಕ್ಕಿದ್ದಂತೆ ಕೈಬಿಟ್ಟು ಓಡುವುದಾಗಲಿ, ಮೌನವಾಗಿ ಕುಸಿಯುವುದಾಗಲಿ ಪರಿಹಾರವಲ್ಲ. ಕೈಯಲ್ಲಿರುವ ಕೆಲಸಗಳನ್ನು ಒಂದು ಹಾಳೆಯ ಮೇಲೆ ಬರೆದು, ಇಷ್ಟು ತನ್ನಿಂದ ಸಾಧ್ಯ, ಇಷ್ಟು ಸಾಧ್ಯವಿಲ್ಲವೆಂದು ಮೇಲಧಿಕಾರಿಗೆ ವಿನಯದಿಂದ, ಸ್ಪಷ್ಟವಾಗಿ ತಿಳಿಸಬೇಕು. ಹಾಗೆ ಹೇಳಿದರೆ ಕೆಲಸ ಹೋದೀತೆಂಬ ಭಯ ನಿರಾಧಾರವಲ್ಲ. ಆದುದರಿಂದಲೇ ಈ ಹೊಣೆಯನ್ನು ದುಡಿಯುವವನ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. ಮಠದ ಭಕ್ತರಲ್ಲಿ ಅಂಗಡಿಗಳ ಯಜಮಾನರು, ಶಾಲಾ ಆಡಳಿತ ಮಂಡಳಿಯವರು, ಹಿರಿಯ ಅಧಿಕಾರಿಗಳು ಇದ್ದಾರೆ. ಕೈಕೆಳಗಿನವರು "ಸಾಕು" ಎಂದಾಗ ಅದನ್ನು ಸೋಮಾರಿತನವೆಂದು ತಿಳಿಯದೆ ಕೇಳಿಸಿಕೊಳ್ಳುವುದು ಅವರ ಕಾಯಕದ ಭಾಗ.

ಮೂರನೆಯದು, ಸಾಕೆಂದು ಹೇಳಿದವರು ಮನೆಯವರು ಎಂಬುದು. ಮಾರಯ್ಯನವರಿಗೆ ಹೆಚ್ಚಾದುದು ತಾವಾಗಿ ಕಾಣಲಿಲ್ಲ, ಲಕ್ಕಮ್ಮನವರಿಗೆ ಕಂಡಿತು. ಬಸವಳಿದವನು ತನ್ನ ಬಸವಳಿಕೆಯನ್ನು ಕಟ್ಟಕಡೆಗೆ ಅರಿಯುತ್ತಾನೆ. ನಿದ್ರೆ ಕೆಟ್ಟಿರುವುದನ್ನು, ಊಟ ಇಳಿದಿರುವುದನ್ನು, ಮಾತು ಕಡಿಮೆಯಾಗಿರುವುದನ್ನು ಮೊದಲು ಕಾಣುವವರು ಸತಿಪತಿಗಳು, ತಂದೆತಾಯಿಗಳು. ಊರಿನಿಂದ ಫೋನ್ ಮಾಡುವವರು ಸಂಬಳದ, ಸೈಟಿನ ಮಾತಿಗೆ ಮೊದಲು ನಿದ್ರೆಯ ಮಾತನ್ನು ಕೇಳಲಿ. "ಒತ್ತಡ ಭಾಳ ಆದ್ರ ಬಿಟ್ಟು ಬಾರಪಾ, ರೊಟ್ಟಿಗೇನೂ ಕಡಿಮಿಲ್ಲ" ಎಂಬ ತಾಯಿಯ ಒಂದು ಮಾತು ಅನೇಕ ಜೀವಗಳನ್ನು ಉಳಿಸಬಲ್ಲದು. ಬಿಟ್ಟು ಬರುವ ಸಂದರ್ಭ ಬಾರದಿರಬಹುದು. ಬಾಗಿಲು ತೆರೆದಿದೆಯೆಂಬ ಅರಿವೇ ಅರ್ಧ ಭಾರವನ್ನು ಇಳಿಸುತ್ತದೆ.

ಒತ್ತಡವನ್ನು ಮರೆಯಲು ಮದ್ಯದ ಮೊರೆ ಹೋಗುವ ಅಪಾಯವನ್ನೂ ಇಲ್ಲಿ ಹೇಳಲೇಬೇಕು. ನೆರೆಯ ಇಳಕಲ್ಲಿನ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಿಂದ ಮಹಾಂತ ಜೋಳಿಗೆಯನ್ನು ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳ ಭಿಕ್ಷೆ ಬೇಡಿದರು. ದುಡಿದು ದಣಿದವನ ಮನೆಯ ಬಾಗಿಲಿಗೆ ಗುರುವೇ ನಡೆದು ಬಂದ ಆ ಮಾದರಿಯಲ್ಲಿ ಬೈಗುಳವಿರಲಿಲ್ಲ, ಕರುಣೆಯಿತ್ತು.

ಪೂಜೆ, ಧ್ಯಾನ, ವಚನಪಾರಾಯಣಗಳು ಮನಸ್ಸಿಗೆ ನೆಮ್ಮದಿಯನ್ನು ಕೊಡುತ್ತವೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವು ವೈದ್ಯರ ಸ್ಥಾನವನ್ನು ತುಂಬುವುದಿಲ್ಲ. ವಾರಗಟ್ಟಲೆ ನಿದ್ರೆಯಿಲ್ಲದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮನೋವೈದ್ಯಕೀಯ ಸೇವೆಯನ್ನು ಹಳ್ಳಿಗಾಡಿನ ಜನರಿಗೆ ತಲುಪಿಸುವ ಮಾದರಿಯನ್ನು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದುದು ನೆರೆಯ ಬಳ್ಳಾರಿ ಜಿಲ್ಲೆಯಲ್ಲಿಯೇ. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಜ್ವರಕ್ಕೆ ಗುಳಿಗೆ ನುಂಗುವಾಗ ಇಲ್ಲದ ನಾಚಿಕೆ ಇಲ್ಲಿಯೂ ಬೇಡ.

ಮಾರಯ್ಯನವರು ಹೆಚ್ಚಿನ ಅಕ್ಕಿಯನ್ನು ಮರಳಿಸಿ ಬಂದ ಬಳಿಕ ಲಕ್ಕಮ್ಮನವರು ಉಳಿದಷ್ಟರಲ್ಲಿಯೇ ಅಡಿಗೆ ಮಾಡಿದರು. ಆ ಸ್ವಲ್ಪ ಅಕ್ಕಿಯೇ ಅಸಂಖ್ಯಾತ ಜಂಗಮರಿಗೆ ಸಾಲಿತೆಂದು ಶರಣಚರಿತೆ ಹೇಳುತ್ತದೆ. ಮನೆಯ ಮಕ್ಕಳು ಕಾಯಕವನ್ನು ಮರೆತಾಗ ಏಳಿರೆಂದು ಎಬ್ಬಿಸುವ ಹಿರಿಯರು, ಅವರು ಬಾಗಿದ ಬೆನ್ನಿನಿಂದ ಬಂದಾಗ ಸಾಕೆಂದು ಕೈಹಿಡಿದು ಕೂರಿಸುವುದನ್ನೂ ಕಲಿಯಲಿ. ಎರಡೂ ಒಬ್ಬ ತಾಯಿಯ ಮಾತುಗಳೇ.