ಯಂತ್ರದ ಕಣ್ಣೂ ಪ್ರಜೆಯ ಹಕ್ಕೂ

ಕಾಲಪ್ರವಾಹಕ್ಕೆ ಎದುರಾಗಿ ಈಜಬಲ್ಲವರಾರು, ಯಂತ್ರವು ಬೆರಳಿನ ಗುರುತನ್ನು ಕೇಳಿದರೆ ಕೊಟ್ಟುಬಿಡುವುದೇ ಸರಿ, ಎಂದು ನಮ್ಮ ವಿದ್ಯಾವಂತರಲ್ಲಿ ಅನೇಕರು ಕೈಚೆಲ್ಲಿ ಕುಳಿತಿರುವರು. ಈ ನಿರಾಶೆಯನ್ನು ನಾವು ಒಪ್ಪಲಾರೆವು. ಇದಕ್ಕೆ ತಕ್ಕ ಉತ್ತರವನ್ನು ಕನ್ನಡನಾಡಿನ ವೃದ್ಧರೊಬ್ಬರೇ ಕೊಟ್ಟುಹೋಗಿರುವರು.

ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಶ್ರೀಮಾನ್ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಲೇರಿದರು. ಪಾರ್ಲಿಮೆಂಟಿನ ಶಾಸನವಿಲ್ಲದೆಯೇ ಸರ್ಕಾರದವರು ಪ್ರಜೆಗಳ ಬೆರಳಚ್ಚನ್ನೂ ಕಣ್ಣುಪಾಪೆಯ ಗುರುತನ್ನೂ ಸಂಗ್ರಹಿಸುವುದು ನ್ಯಾಯವೇ ಎಂಬುದು ಅವರ ಪ್ರಶ್ನೆಯಾಗಿದ್ದಿತು. ಖಾಸಗಿತನವು ಮೂಲಭೂತ ಹಕ್ಕೇ ಅಲ್ಲವೆಂದು ಸರ್ಕಾರದ ವಕೀಲರು 1954 ಮತ್ತು 1962ರ ತೀರ್ಪುಗಳನ್ನು ಮುಂದಿಟ್ಟು ವಾದಿಸಿದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಆ ವಾದವನ್ನು ಒಮ್ಮತದಿಂದ ತಳ್ಳಿಹಾಕಿ, ರಾಜ್ಯಾಂಗದ 21ನೆಯ ವಿಧಿಯು ಕಾಪಾಡುವ ಜೀವಸ್ವಾತಂತ್ರ್ಯಗಳಲ್ಲಿ ಖಾಸಗಿತನವೂ ಅಡಗಿರುವುದೆಂದು ಸಾರಿದರು.

ಜಯವು ಪೂರ್ಣವಾಯಿತೆಂದು ನಾವು ಹೇಳುವುದಿಲ್ಲ. 2018ರಲ್ಲಿ ಕೋರ್ಟು ಆಧಾರ್ ಶಾಸನವನ್ನು ಬಹುಮತದಿಂದ ಎತ್ತಿಹಿಡಿಯಿತು. ಆದರೆ ಬ್ಯಾಂಕಿನ ಖಾತೆಗೂ ಮೊಬೈಲಿಗೂ ಆಧಾರನ್ನು ಜೋಡಿಸಲೇಬೇಕೆಂಬ ಕಟ್ಟಳೆಯನ್ನು ರದ್ದುಮಾಡಿತು. ಪ್ರಜೆಯು ತಾನಾಗಿ ಒಪ್ಪಿದರೆ ಇವೆರಡಕ್ಕೂ ಬಳಸಬಹುದೆಂದು 2019ರ ತಿದ್ದುಪಡಿಯು ವಿಧಿಸಿತು. ಆಧಾರ್ ಕೊಡದವನಿಗೆ ಸೇವೆಯನ್ನು ನಿರಾಕರಿಸಕೂಡದೆಂದೂ ವಿಧಿಸಿತು. ಈ ಎರಡನೆಯ ಮಾತು ಎಷ್ಟು ಕಚೇರಿಗಳ ಕಿಟಕಿಯಲ್ಲಿ ನಡೆಯುತ್ತಲಿದೆ? ಬೇರೆ ದಾರಿಯನ್ನೇ ತೋರಿಸದೆ ಪಡೆದ ಒಪ್ಪಿಗೆಯು ಒಪ್ಪಿಗೆಯಲ್ಲ, ಬಲಾತ್ಕಾರ.

ಯಂತ್ರವನ್ನೇ ದೂಷಿಸುವವರು ನಾವಲ್ಲ. ಬಡವನ ಪಡಿಯಕ್ಕಿಯು ನಡುವಿನವರ ಪಾಲಾಗದಂತೆ ಅದು ತಡೆಯುವುದಾದರೆ ಸಂತೋಷವೇ. ಆದರೆ ಕೂಲಿ ಮಾಡಿ ಸವೆದ ಬೆರಳನ್ನು ಯಂತ್ರವು ಗುರುತಿಸದಿದ್ದಾಗ, ಆ ಬೆರಳಿನೊಡೆಯನು ಬರಿಗೈಯಲ್ಲಿ ಹಿಂದಿರುಗಬೇಕೆಂದರೆ, ಯಂತ್ರವು ಮನುಷ್ಯನಿಗಾಗಿಯೋ ಮನುಷ್ಯನು ಯಂತ್ರಕ್ಕಾಗಿಯೋ ಎಂದು ಕೇಳಲೇಬೇಕಾಗುವುದು.

ಕೇಳಿದರೆ ಫಲವುಂಟು. ಹೊಸ ಫೋನುಗಳಲ್ಲೆಲ್ಲ ‘ಸಂಚಾರ್ ಸಾಥಿ’ಯೆಂಬ ಸರ್ಕಾರಿ ಆ್ಯಪನ್ನು ಕಡ್ಡಾಯವಾಗಿ ಇರಿಸಬೇಕೆಂಬ ಅಪ್ಪಣೆಯು 2025ರ ಡಿಸೆಂಬರಿನ ಆರಂಭದಲ್ಲಿ ಬಯಲಾದಾಗ ದೇಶದಲ್ಲೆಲ್ಲ ಆಕ್ಷೇಪವೆದ್ದಿತು, ಕೆಲವೇ ದಿನಗಳಲ್ಲಿ ಸರ್ಕಾರದವರು ಅದನ್ನು ಹಿಂದಕ್ಕೆ ತೆಗೆದುಕೊಂಡರು. ಅಲ್ಲಿ ತೀರ್ಪೂ ಬೇಕಾಗಲಿಲ್ಲ, ಜನರು ಬಾಯಿಬಿಟ್ಟದ್ದೇ ಸಾಕಾಯಿತು.

ಆದುದರಿಂದ ಪಟ್ಟಣವಾಸಿಗಳಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಗುರುತು ಕೇಳಿದವರನ್ನು “ಯಾವ ಕಾನೂನಿನಂತೆ?” ಎಂದು ಸೌಜನ್ಯದಿಂದ ವಿಚಾರಿಸಿರಿ. ಅಧಿಕಾರಿಗಳಲ್ಲಿಯೂ ಒಂದು ಮಾತು: ಆ ಪ್ರಶ್ನೆಯನ್ನು ಉದ್ಧಟತನವೆಂದು ಎಣಿಸದಿರಿ, ಕಚೇರಿಯಿಂದ ಹೊರಬಿದ್ದೊಡನೆ ನೀವೂ ಪ್ರಜೆಗಳೇ.

ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98 ವರ್ಷದ ತುಂಬುಜೀವನವನ್ನು ಮುಗಿಸಿ ದಿವಂಗತರಾದರು. ಅವರು ಗಳಿಸಿಕೊಟ್ಟ ಹಕ್ಕು ನಮ್ಮೆಲ್ಲರ ಪಿತ್ರಾರ್ಜಿತದಂತೆ ಇರುವುದು. ಉಳುವವರಿಲ್ಲದ ಹೊಲವನ್ನು ಕಳೆಯು ನುಂಗುವಂತೆ, ಚಲಾಯಿಸದ ಹಕ್ಕನ್ನು ಕಾಲವು ನುಂಗುವುದು.