ಬೋರ್ಡಿಗಿಂತ ಬಾಗಿಲು ಮುಖ್ಯ

ವಿಜಯಪುರದಲ್ಲಿ ಪ್ಲೇಹೋಂ, ಬೇಬಿ ಸಿಟ್ಟಿಂಗ್ ಬೋರ್ಡುಗಳಿಗೆ ಬರವಿಲ್ಲ. ಮನೆಯಲ್ಲೇ ಮಕ್ಕಳನ್ನು ನೋಡಿಕೊಳ್ಳಲು ಹೊರಟ ಗೃಹಿಣಿ ‘ನನ್ನ ಕಡೆ ಯಾರು ಬರ್ತಾರ್ರೀ?’ ಎಂದು ಅಂಜುವುದು ಸಹಜ. ಹಾಗಂತ ಫೀ ಇಳಿಸಿ ಪೈಪೋಟಿಗೆ ನಿಲ್ಲಬೇಡಿ.

50 ನೌಕರರಿರುವ ಸಂಸ್ಥೆಯಲ್ಲಿ ಶಿಶುಪಾಲನಾ ಸೌಲಭ್ಯ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು ಎಂದು 2017ರಲ್ಲೇ ಕಾನೂನಾಯಿತು. ನಿಮ್ಮ ಪುಟ್ಟ ಮನೆಗೆ ಅದು ಅನ್ವಯಿಸದು. ಆದರೂ ಆ ಹಕ್ಕನ್ನು ನೀವಾಗಿಯೇ ಕೊಡಿ. ‘ಯಾವಾಗ ಬೇಕಾದ್ರೂ ಬಂದು ನೋಡ್ರಿ, ಹೇಳಿ ಬರೂದು ಬ್ಯಾಡ’ ಅನ್ನಿ.

ಟಿಕೋಟಾ, ಬಬಲೇಶ್ವರದ ಶಾಲೆಗಳಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಶಿಕ್ಷಕಿಗೆ, ಸಂಜೆ ಬಸ್ಸು ತಡವಾದರೂ ಗೊಣಗದೆ ಕಾಯುವ ಮನೆ ಬೇಕು. ಮೊದಲಿಗೆ ನಾಲ್ಕೈದು ಮಕ್ಕಳೇ ಸಾಕು. ನೆಮ್ಮದಿಯಾದ ಒಬ್ಬ ತಾಯಿಯ ಮಾತು ಹತ್ತು ಬೋರ್ಡಿಗೆ ಸಮ.