ದೂರು ಆಂಡರ್ಸ್ ಮೇಲಲ್ಲ, ಒರ್ಸಿನೊ ಮೇಲಿರಬೇಕಿತ್ತು



ಕಳೆದ ಸಂಚಿಕೆಯಲ್ಲಿ ವಿಡಿಯೋ ಗೇಮ್‌ಗಳ ಕಥೆಯ ಕುರಿತು ಬಂದ ಲೇಖನ ‘ಡ್ರ್ಯಾಗನ್ ಏಜ್ 2’ ಆಟದ ಆಂಡರ್ಸ್‌ನನ್ನು ಚೆನ್ನಾಗಿಯೇ ಝಾಡಿಸಿದೆ. ಬೇಡವೆಂದರೂ ಅವನನ್ನು ಜೊತೆಗೆ ಸೇರಿಸಿಕೊಳ್ಳಲೇಬೇಕು, ನಾವೇನೇ ಮಾಡಿದರೂ ಕೊನೆಗೆ ಅವನು ಚಾಂಟ್ರಿ ಎಂಬ ಧರ್ಮಮಂದಿರವನ್ನು ಸ್ಫೋಟಿಸಿಯೇ ತೀರುತ್ತಾನೆ, ಹಾಗಿದ್ದಮೇಲೆ ಆಟಗಾರನ ಆಯ್ಕೆಗೆ ಏನು ಬೆಲೆ ಎಂಬುದು ಲೇಖಕರ ತಕರಾರು. 2011ರಲ್ಲಿ ಬಯೋವೇರ್ ಈ ಆಟ ತಂದಾಗಿನಿಂದ ಇದೇ ದೂರು ಕೇಳುತ್ತ ಬಂದಿದ್ದೇನೆ. ನನಗಿದು ಒಪ್ಪಿಗೆಯಿಲ್ಲ.

ಆಟ ಆಡದವರಿಗಾಗಿ ಎರಡು ಮಾತು. ಕಿರ್ಕ್‌ವಾಲ್ ನಗರದ ಮಾಂತ್ರಿಕರನ್ನು ಹಿಂದೆ ಗುಲಾಮರನ್ನು ಇಡುತ್ತಿದ್ದ ಸೆರೆಮನೆಯಲ್ಲೇ ಕೂಡಿಹಾಕಿ ಟೆಂಪ್ಲರ್‌ಗಳೆಂಬ ಯೋಧರು ಕಾವಲು ಕಾಯುತ್ತಾರೆ. ಇಂಥದೇ ಕಾವಲಿನಿಂದ ಬೇರೆ ದೇಶದಲ್ಲಿ ತಪ್ಪಿಸಿಕೊಂಡು ಬಂದ, ಮೈಯೊಳಗೆ ಆತ್ಮವೊಂದನ್ನು ಹೊತ್ತ ಆಂಡರ್ಸ್, ಊರಿನ ತಳದ ಕೊಳಕಿನಲ್ಲಿ ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡುತ್ತಾನೆ. ನಾವು ಆಡುವ ಹಾಕ್‌ಗೆ ಅವನ ಹತ್ತಿರವಿರುವ ನಕ್ಷೆ ಬೇಕು. ಬದಲಿಗೆ ಅವನು ಕೇಳುವುದು ಗೆಳೆಯ ಕಾರ್ಲ್‌ನನ್ನು ಬಿಡಿಸಿಕೊಳ್ಳಲು ನೆರವು. ರಾತ್ರಿ ಚಾಂಟ್ರಿಯೊಳಗೆ ಹೋಗಿ ನೋಡಿದರೆ ಕಾರ್ಲ್‌ನ ಹಣೆಯಲ್ಲಿ ಮುದ್ರೆ, ಮುಖದಲ್ಲಿ ಭಾವದ ಸುಳಿವೇ ಇಲ್ಲ. ಅವನ ಮಾಂತ್ರಿಕ ಶಕ್ತಿಯ ಜೊತೆಗೆ ಮನಸ್ಸನ್ನೂ ಕಿತ್ತಿದ್ದಾರೆ. ಗಳಿಗೆ ಹೊತ್ತು ಎಚ್ಚರ ಮರಳಿದಾಗ ಅವನು ಬೇಡುವುದು ಸಾವನ್ನು. ವರ್ಷಗಳ ಮೇಲೆ ಆಂಡರ್ಸ್ ಸಿಡಿಸುವುದು ಇದೇ ಕಟ್ಟಡವನ್ನು. ಅವನನ್ನು ತಪ್ಪಿಸಿಕೊಂಡು ಹೋಗಲು ದಾರಿ ಬಿಟ್ಟಿದ್ದರೆ ಈ ರಾತ್ರಿಯೂ ನಮಗೆ ತಪ್ಪುತ್ತಿತ್ತು.

ಲೇಖಕರು ಮರೆತ ಇನ್ನೊಂದು ಸಂಗತಿಯಿದೆ. ಈ ಕಥೆಯನ್ನು ನಮಗೆ ಹೇಳುತ್ತಿರುವವನು ಹಾಕ್‌ನ ಸಂಗಾತಿ ವ್ಯಾರಿಕ್. ಎಲ್ಲ ಮುಗಿದುಹೋದ ಮೇಲೆ ಕಸಾಂಡ್ರಾ ಎಂಬಾಕೆ ಅವನನ್ನು ಹಿಡಿದು ಕೂರಿಸಿ ವಿಚಾರಣೆ ನಡೆಸುತ್ತಿದ್ದಾಳೆ. ಜಗತ್ತು ಹೊತ್ತಿ ಉರಿಯುತ್ತಿದೆ ಎಂಬುದು ನಮಗೆ ಆರಂಭದಲ್ಲೇ ಗೊತ್ತು. ಕಿಡಿ ಯಾರದು, ಏಕೆ ಎಂಬುದಷ್ಟೇ ಪ್ರಶ್ನೆ. ತಾಳಮದ್ದಳೆಗೆ ಹೋಗುವವರು ಕರ್ಣ ಬದುಕಿಯಾನು ಎಂದು ಹೋಗುವುದಿಲ್ಲ, ಅರ್ಥಧಾರಿ ಅವನ ಪರವಾಗಿ ಏನು ಮಾತಾಡುತ್ತಾನೆ ಎಂದು ಕೇಳಲು ಹೋಗುತ್ತಾರೆ. ಆ ಮಾತಿಗೆ ಇಲ್ಲಿ ಧಾರಾಳ ಅವಕಾಶವಿದೆ. ಆಂಡರ್ಸ್‌ನನ್ನು ಪ್ರತಿ ಹೆಜ್ಜೆಗೂ ವಿರೋಧಿಸುತ್ತ ಹೋದರೆ ಅವನು ಮುನಿಸಿಕೊಂಡು ಬಿಟ್ಟುಹೋಗುವುದಿಲ್ಲ, ತನ್ನೊಳಗೆ ಹೊಕ್ಕಿರುವ ಆತ್ಮದ ಬಗ್ಗೆ ಅವನಿಗೇ ಅನುಮಾನ ಶುರುವಾಗುತ್ತದೆ. ಅವನ ಮುಖವೇ ಬೇಡವೆನ್ನುವವರು ಅವನನ್ನು ಚಿಕಿತ್ಸಾಲಯದಲ್ಲೇ ಬಿಟ್ಟು ಉಳಿದವರನ್ನು ಕರೆದುಕೊಂಡು ತಿರುಗಬಹುದು.

ಮೋಸವಾಯಿತು ಎನ್ನುವವರೂ ಇದ್ದಾರೆ. ಕೊನೆಯ ಅಂಕದಲ್ಲಿ ಆಂಡರ್ಸ್ ಔಷಧಕ್ಕೆಂದು ಹೇಳಿ ಚರಂಡಿಯಲ್ಲಿ ಕಟ್ಟಿಕೊಂಡ ಉಪ್ಪಿನ ಹರಳನ್ನೂ ಗಣಿಯಿಂದ ಒಂದು ಬಗೆಯ ಕಲ್ಲನ್ನೂ ತರಿಸಿಕೊಳ್ಳುತ್ತಾನೆ. ಪೆಟ್ಲುಪ್ಪು, ಗಂಧಕದ ಸಹವಾಸವಿದ್ದವರಿಗೆ ಇಷ್ಟು ಹೇಳಿದರೆ ಸಾಕು. ಸುಳಿವು ಕೈಯಲ್ಲೇ ಇತ್ತು. ತಂದುಕೊಡುವುದಿಲ್ಲ ಎಂದರೂ ಸ್ಫೋಟ ನಿಲ್ಲುವುದಿಲ್ಲ, ನಿಜ. ಆದರೆ ಅದರಲ್ಲಿ ನಮ್ಮ ಪಾಲಿರಲಿಲ್ಲ ಎಂದಾದರೂ ಹೇಳಿಕೊಳ್ಳಬಹುದು. ಆಮೇಲೆ ನಮಗೆ ಬೆನ್ನು ಹಾಕಿ ಪೆಟ್ಟಿಗೆಯೊಂದರ ಮೇಲೆ ಕುಳಿತ ಆಂಡರ್ಸ್‌ಗೆ ಚೂರಿ ಹಾಕುವುದೋ, ತೊಲಗು ಎನ್ನುವುದೋ, ಜೊತೆಗಿರು ಎನ್ನುವುದೋ ಪೂರ್ತಿ ನಮಗೆ ಬಿಟ್ಟದ್ದು. ಬದುಕಲು ಬಿಟ್ಟರೆ ಡಿಎಲ್‌ಸಿಯಲ್ಲಿ, ಅಂದರೆ ಆಟದ ಹೆಚ್ಚುವರಿ ಕಂತಿನಲ್ಲಿ, ಬರುವ ಸಂಗಾತಿ ಸೆಬಾಸ್ಟಿಯನ್ ಸೈನ್ಯ ಸಮೇತ ಮರಳಿ ಬರುವೆನೆಂದು ಶಪಥ ಮಾಡಿ ಹೊರಟೇಬಿಡುತ್ತಾನೆ. ಆಯ್ಕೆಗೆ ಬೆಲೆಯಿಲ್ಲ ಎನ್ನುವವರು ಈ ದೃಶ್ಯವನ್ನು ಸ್ಕಿಪ್ ಮಾಡಿದರೇ?

ಆಂಡರ್ಸ್ ವಿಷಯದಲ್ಲಿ ನ್ಯಾಯವಾದ ದೂರು ಒಂದಿದೆ, ಅದನ್ನು ಲೇಖಕರು ಎತ್ತಿಯೇ ಇಲ್ಲ. ಇದೇ ಸರಣಿಯ 2010ರ ‘ಅವೇಕನಿಂಗ್’ನಲ್ಲಿ ಬೆಕ್ಕಿನ ಮರಿ ಸಾಕಿಕೊಂಡು ತಮಾಷೆ ಮಾಡಿಕೊಂಡಿದ್ದ ಇದೇ ಆಂಡರ್ಸ್‌ನನ್ನು ನಾವು ಟೆಂಪ್ಲರ್‌ಗಳ ಕೈಗೆ ಒಪ್ಪಿಸಬಹುದಿತ್ತು. ಒಪ್ಪಿಸಿದವರ ಎದುರಿಗೂ ಮುಂದಿನ ಆಟದಲ್ಲಿ ಅವನು ಹಾಜರ್. ಹಾಗೆ ಒಪ್ಪಿಸಿದವರು ಕೇಳಿದರೆ ಕೇಳಲಿ.

ಆದರೆ ನಮ್ಮ ಆಯ್ಕೆಯನ್ನು ನಿಜಕ್ಕೂ ಕಾಲಕಸ ಮಾಡಿದ್ದು ಮಾಂತ್ರಿಕರ ಮುಖಂಡ ಒರ್ಸಿನೊ. ನಾವು ಅವನ ಪಕ್ಷ ವಹಿಸಿ, ಅವನ ಪಕ್ಕದಲ್ಲೇ ನಿಂತು ಟೆಂಪ್ಲರ್‌ಗಳನ್ನು ಹೊಡೆದು ಹಿಮ್ಮೆಟ್ಟಿಸಿರುತ್ತೇವೆ. ಆಗ ಈತ ಇದ್ದಕ್ಕಿದ್ದಂತೆ ಕೈಚೆಲ್ಲಿ, ರಕ್ತಮಂತ್ರ ಹೂಡಿ, ಸುತ್ತ ಬಿದ್ದಿರುವ ಹೆಣಗಳನ್ನೆಲ್ಲ ಮೈಗೆ ಸೇರಿಸಿಕೊಂಡು ರಾಕ್ಷಸನಾಗಿ ನಮ್ಮ ಮೇಲೇ ಬೀಳುತ್ತಾನೆ. ಕೊಲ್ಲದೆ ಗತಿಯಿಲ್ಲ. ಬಳಿಕ ಟೆಂಪ್ಲರ್‌ಗಳ ನಾಯಕಿ ಮೆರೆಡಿತ್ ಸರದಿ. ಟೆಂಪ್ಲರ್‌ಗಳ ಪಕ್ಷ ವಹಿಸಿದರೂ ಇದೇ ಇಬ್ಬರು, ಇದೇ ಕ್ರಮ. ಆಂಡರ್ಸ್ ಕೃತ್ಯಕ್ಕೆ ಮೂರು ಅಂಕಗಳ ತಯಾರಿಯಿದೆ. ಒರ್ಸಿನೊನ ಈ ಅವತಾರಕ್ಕೆ ಬಾಸ್ ಫೈಟ್ ಒಂದು ಬೇಕಿತ್ತು ಎಂಬುದನ್ನು ಬಿಟ್ಟರೆ ನನಗೆ ಬೇರೆ ಕಾರಣ ಕಾಣುವುದಿಲ್ಲ. ಲೇಖನದಲ್ಲಿ ಅವನ ಹೆಸರೇ ಇಲ್ಲ.

ಇಂತಿ,
ನಿಮ್ಮ ಓದುಗ,
ಶಿವಮೊಗ್ಗ